1999ರ ಚಾರಿಜಾರ್ಡ್ ಕಾರ್ಡ್: ಅಸಲಿಯಾ, ಎಷ್ಟು ಕೊಡಬಹುದು?

ಪ್ರಶ್ನೆ: ಪೋಕೆಮಾನ್ ಬೇಸ್ ಸೆಟ್ (ಮೊದಲ ಸರಣಿಯ ಆಟದ ಕಾರ್ಡ್), ಹೊಳೆಯುವ ಚಾರಿಜಾರ್ಡ್, 4/102, ಇಂಗ್ಲಿಷ್ ಮುದ್ರಣ. ‘ಎಡಿಷನ್ 1’ ಮುದ್ರೆ ಇಲ್ಲ. ಮಾರುವವರು ‘ಶ್ಯಾಡೋಲೆಸ್’ (ಚಿತ್ರದ ಚೌಕಟ್ಟಿಗೆ ನೆರಳಿಲ್ಲದ ಆರಂಭದ ಮುದ್ರಣ) ಅಂತ ಹೇಳಿ ಜಾಸ್ತಿ ಬೆಲೆ ಕೇಳ್ತಿದ್ದಾರೆ. ಏನೇನು ನೋಡಬೇಕು?

ಉತ್ತರ 1: ಚಿತ್ರದ ಚೌಕಟ್ಟಿನ ಬಲ ಅಂಚು ನೋಡಿ. ಅಲ್ಲಿ ನೆರಳಿನ ಪಟ್ಟಿ ಇದ್ದರೆ ಅದು ಅನ್‌ಲಿಮಿಟೆಡ್ (ಆಮೇಲೆ ಬಂದ ಸಾಮಾನ್ಯ ಮುದ್ರಣ), ಅಲ್ಲಿಗೆ ಮಾತು ಮುಗೀತು. ಆಮೇಲೆ ತೀರಾ ಕೆಳಗಿನ ಕಾಪಿರೈಟ್ ಸಾಲು: ಶ್ಯಾಡೋಲೆಸ್‌ನಲ್ಲಿ ನಿಂಟೆಂಡೊ ಹೆಸರಿಗೆ ಮುಂಚೆ ‘1995, 96, 98, 99’ ಇರುತ್ತೆ, ಅನ್‌ಲಿಮಿಟೆಡ್‌ನಲ್ಲಿ ಆ 99 ಇರಲ್ಲ. ‘4/102’ ಒಂದನ್ನೇ ನಂಬಬೇಡಿ. 2021ರ ಸೆಲೆಬ್ರೇಷನ್ಸ್ ಮರುಮುದ್ರಣದಲ್ಲೂ ಅದೇ ಸಂಖ್ಯೆ ಇದೆ, ಆದರೆ 25ನೇ ವರ್ಷದ ಪಿಕಾಚು ಗುರುತು ಸೇರಿರುತ್ತೆ.

ಉತ್ತರ 2: ಇವೆಲ್ಲ ನಕಲಿಯಲ್ಲೂ ಅಚ್ಚಾಗಬಹುದು. ಅಂಚನ್ನು ಸಣ್ಣ ಭೂತಗನ್ನಡಿ, ಅಂದರೆ ಲೂಪ್‌ನಲ್ಲಿ ನೋಡಿ: ಎರಡು ಬಿಳಿ ಪದರದ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಬೇಕು. ಹಿಂದಿನಿಂದ ಟಾರ್ಚ್ ಹಿಡಿದಾಗ ಬೆಳಕು ಧಾರಾಳವಾಗಿ ತೂರಿಬಂದರೆ ಅನುಮಾನ ಪಡಿ. ಖಾತ್ರಿಯಾದ ಅದೇ ಕಾಲದ ಅಗ್ಗದ ಕಾರ್ಡೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಅಳತೆ 63×88 ಮಿ.ಮೀ. ಕಡಿಮೆ ಇದ್ದರೆ ಸವೆದ ಅಂಚನ್ನು ಕತ್ತರಿಸಿರಬಹುದು, ಅಂಥದಕ್ಕೆ ಗ್ರೇಡ್ (ಸ್ಥಿತಿ ನೋಡಿ ಕೊಡುವ ಅಂಕ) ಸಿಗಲ್ಲ. ದಯವಿಟ್ಟು ಬಗ್ಗಿಸಿ ನೋಡಬೇಡಿ, ಮಡಿಕೆ ಬಿದ್ದರೆ ಅಸಲಿ ಕಾರ್ಡೇ ಹಾಳು.

ಪ್ರಶ್ನೆ ಕೇಳಿದವರು: ಪಿಎಸ್‌ಎ (ಕಾರ್ಡ್ ಪರೀಕ್ಷಿಸಿ ಗ್ರೇಡ್ ಕೊಡುವ ಕಂಪನಿ) ಮುಚ್ಚಿಕೊಟ್ಟ ಡಬ್ಬಿಯಲ್ಲಿದ್ದರೆ?

ಉತ್ತರ 1: ಸರ್ಟಿಫಿಕೇಟ್ ಸಂಖ್ಯೆಯನ್ನು ಪಿಎಸ್‌ಎ ತಾಣದಲ್ಲಿ ಹಾಕಿ. ಸಂಖ್ಯೆ ಕದ್ದ ನಕಲಿ ಡಬ್ಬಿಗಳೂ ಇವೆ, ಹಾಗಾಗಿ ಅಲ್ಲಿ ಫೋಟೋ ಇದ್ದರೆ ಗೀರುಗಳನ್ನೂ ತಾಳೆ ನೋಡಿ. ಬೆಲೆಗೆ ಇಬೇಯಲ್ಲಿ ‘ಮಾರಾಟವಾದವು’ ಮಾತ್ರ ತೆರೆಯಿರಿ, ಅದೇ ಮುದ್ರಣ, ಅದೇ ಗ್ರೇಡ್. ಕೇಳುವ ಬೆಲೆ ಲೆಕ್ಕಕ್ಕಿಲ್ಲ.