ಹಾಸನ–ಬೇಲೂರು–ಬೆಳವಾಡಿ: ಕೆರೆಗಳ ಹಾದಿಯಲ್ಲಿ ಸೈಕಲ್ ಪ್ರವಾಸ

ಪ್ರಶ್ನೆ:
ಹಾಸನದಿಂದ ಹೊರಟು ಕೆರೆಗಳನ್ನೂ ಹೊಯ್ಸಳರ ದೇವಾಲಯಗಳನ್ನೂ ನೋಡುತ್ತಾ ಎರಡು ದಿನ ಸೈಕಲ್ ತುಳಿಯಬೇಕೆಂದಿದ್ದೇನೆ. ಯಾವ ಹಾದಿ ಹಿಡಿಯಬೇಕು, ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಬೇಲೂರು ರಸ್ತೆಯಲ್ಲಿ ಹೊರಟು ಮೊದಲು ದೊಡ್ಡಗದ್ದವಳ್ಳಿಗೆ ತಿರುಗಿ. ಕೆರೆಯ ಮಗ್ಗುಲಲ್ಲೇ ಇರುವ ಅಲ್ಲಿಯ ಲಕ್ಷ್ಮೀದೇವಿ ದೇವಾಲಯವು 12ನೆಯ ಶತಮಾನದ ಆರಂಭದ್ದು. ನಾಲ್ಕು ಗರ್ಭಗುಡಿಗಳ ಚತುಷ್ಕೂಟವಾದ ಇದರಲ್ಲಿ, ಕಾಳಿಯ ಗುಡಿಯ ಬಾಗಿಲ ಇಕ್ಕೆಲಗಳಲ್ಲಿ ಎಲುಬುಗಳು ಎದ್ದು ಕಾಣುವ ಬೇತಾಳಗಳು ನಿಂತಿವೆ. ಜನಜಂಗುಳಿಯಿಲ್ಲದ ಈ ಸ್ಥಳಕ್ಕೆ ಬೇಲೂರಿಗಿಂತಲೂ ಹೆಚ್ಚು ಹೊತ್ತು ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೂ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನನ್ನು ಅವಸರದಲ್ಲಿ ನೋಡಬೇಡಿ. ರಾತ್ರಿ ಬೇಲೂರಿನಲ್ಲಿ ತಂಗಿ, ಸುಮಾರು 16 ಕಿ.ಮೀ. ದೂರದ ಹಳೇಬೀಡಿಗೆ ನಸುಕಿನಲ್ಲೇ ಹೊರಟರೆ ಪ್ರವಾಸಿ ಬಸ್ಸುಗಳು ಬರುವ ಮೊದಲೇ ತಲುಪಬಹುದು. ಹೊಯ್ಸಳೇಶ್ವರದ ನಂತರ ದೋರಸಮುದ್ರ ಕೆರೆಯ ದಡ, ಬಸದಿಹಳ್ಳಿಯ ಜಿನಾಲಯಗಳು ಹಾಗೂ ಹುಲಿಕೆರೆಯ ಕಲ್ಯಾಣಿ, ಈ ಮೂರನ್ನೂ ತಪ್ಪಿಸಬೇಡಿ. ಮೆಟ್ಟಿಲುಗಳ ನಡುವೆ ಪುಟ್ಟ ಗುಡಿಗಳನ್ನು ಜೋಡಿಸಿರುವ ಆ ಕಲ್ಯಾಣಿಗೆ ಬರುವವರು ಕಡಿಮೆ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಉತ್ತರ 3:
ಹಳೇಬೀಡಿನಿಂದ ಬೆಳವಾಡಿ ಹತ್ತಿರವೇ ಇದೆ. ವೀರನಾರಾಯಣ ದೇವಾಲಯದ ಮಂಟಪದಲ್ಲಿ ಕಡೆದು ಹೊಳಪು ಕೊಟ್ಟ ಕಂಬಗಳು ಇಂದಿಗೂ ಮಿನುಗುತ್ತವೆ. ಕಾಲಿನಲ್ಲಿ ಕಸುವು ಉಳಿದಿದ್ದರೆ, ಇನ್ನೊಂದು ದಿನ ಸೇರಿಸಿಕೊಂಡು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯವರೆಗೂ ಹೋಗಿಬನ್ನಿ. ಮಳೆ ನಿಂತು ಕೆರೆಗಳಲ್ಲಿ ನೀರಿರುವ ನವೆಂಬರ್–ಡಿಸೆಂಬರ್ ಇದಕ್ಕೆ ಸೂಕ್ತ. ಪಂಕ್ಚರ್ ಸಾಮಗ್ರಿ, ಗಾಳಿ ಪಂಪು ಮತ್ತು ಹೆಚ್ಚುವರಿ ಟ್ಯೂಬು ಜೊತೆಯಲ್ಲಿರಲಿ.