‘ಚೆರ್ನೋಬಿಲ್’ ಸರಣಿ: ನಿಲ್ಲಿಸುವ ಗುಂಡಿ ಒತ್ತಿದ ಮೇಲೆ ರಿಯಾಕ್ಟರ್ ಸಿಡಿದದ್ದು ಯಾಕೆ?

ಕದ್ರಾ_ಹಿನ್ನೀರು:

2019ರ ಎಚ್‌ಬಿಓ ಸರಣಿ ‘ಚೆರ್ನೋಬಿಲ್’ (1986ರ ಏಪ್ರಿಲ್ 26ರ ಅಣುಸ್ಥಾವರ ದುರಂತದ ಕಥೆ) ನೋಡಿದವರಿಗೆ, ಅದಕ್ಕಿಂತ ಹೆಚ್ಚಾಗಿ ರಿಯಾಕ್ಟರ್ ವಿಷಯ ಗೊತ್ತಿರುವವರಿಗೆ ಈ ಪ್ರಶ್ನೆ. ಕೊನೆಯ ಕಂತಿನಲ್ಲಿ ವಿಜ್ಞಾನಿ ಲೆಗಾಸೊವ್ ಕೆಂಪು ಮತ್ತು ನೀಲಿ ಫಲಕಗಳನ್ನು ಸಿಕ್ಕಿಸುತ್ತಾ ನ್ಯಾಯಾಲಯಕ್ಕೆ ವಿವರಿಸುತ್ತಾರಲ್ಲ, ನ್ಯೂಟ್ರಾನ್ ನುಂಗಿ ಪವರ್ ತಗ್ಗಿಸುವ ಕ್ಸೆನಾನ್ ಅನಿಲದ ಮಾತು ಬರುವವರೆಗೂ ಅರ್ಥವಾಗುತ್ತದೆ. ಪವರ್ ಹಿಡಿತದಲ್ಲಿಡುವ ಕಂಟ್ರೋಲ್ ರಾಡ್‌ಗಳ ತುದಿಯ ಗ್ರಾಫೈಟ್ ಮೊದಲು ಒಳಗೆ ಹೋಗಿದ್ದರಿಂದ ಸಿಡಿಯಿತು ಎನ್ನುವಲ್ಲಿ ಸಿಕ್ಕಿಹಾಕಿಕೊಂಡೆ. ಆ ರಿಯಾಕ್ಟರಿನ ಒಡಲೇ ಸುಮಾರು 1700 ಟನ್ ಗ್ರಾಫೈಟ್. ಅದರೊಳಗೆ ಇನ್ನಷ್ಟು ಗ್ರಾಫೈಟ್ ಇಳಿದರೆ ಏನು ವ್ಯತ್ಯಾಸವಾಗುತ್ತದೆ?

ಜೊತೆಗೆ ಇನ್ನೆರಡು. 3.6 ರಾಂಟ್‌ಜೆನ್ (ವಿಕಿರಣದ ಅಳತೆ) ಎಂದು ಸರಣಿಯಲ್ಲಿ ಹೇಳುವ ಅಂಕಿ ಎಲ್ಲಿಂದ ಬಂತು? ಮೆಗಾಟನ್ ಸ್ಫೋಟದ ಭಯ, ಹೆಲಿಕಾಪ್ಟರ್ ಬೀಳುವುದು, ಗರ್ಭದ ಮಗುವಿನ ವಿಷಯ, ಇವುಗಳಲ್ಲಿ ನಿಜ ಎಷ್ಟು?

ಭಾರಜಲ:

ಸರಣಿಯಲ್ಲಿ ಕಂಡಂತೆ ಅದು ರಾಡಿನ ಕೆಳಗೆ ಅಂಟಿಸಿದ ಸಣ್ಣ ತುಂಡಲ್ಲ. 4.5 ಮೀಟರ್ ಉದ್ದದ ಗ್ರಾಫೈಟ್ ಕಂಬ. ಬೋರಾನ್ ಕಾರ್ಬೈಡ್ ತುಂಬಿದ ಹೀರುವ ಭಾಗದ ಕೆಳಗೆ ಅದನ್ನು ತೂಗುಹಾಕಿರುತ್ತಾರೆ. ರಾಡ್ ಓಡಾಡುವ ಕೊಳವೆಯೊಳಗೆ ತಂಪು ಮಾಡುವ ನೀರು ಇರುತ್ತದೆ. ಚೆರ್ನೋಬಿಲ್‌ನಲ್ಲಿದ್ದ ಆರ್‌ಬಿಎಂಕೆ ಮಾದರಿಯ ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳನ್ನು ನಿಧಾನಗೊಳಿಸಿ ಪರಮಾಣು ಒಡೆಯುವ ಸರಪಳಿ ಕ್ರಿಯೆ ನಡೆಸುವ ಕೆಲಸ ಗ್ರಾಫೈಟಿನದು, ನೀರು ಮುಖ್ಯವಾಗಿ ನ್ಯೂಟ್ರಾನ್ ನುಂಗುವ ವಸ್ತು. ರಾಡ್ ಮೇಲೆತ್ತಿದಾಗ ಆ ಜಾಗವನ್ನು ನೀರೇ ತುಂಬಿಕೊಂಡರೆ ನ್ಯೂಟ್ರಾನ್ ದಂಡವಾಗುತ್ತದೆ, ರಾಡಿನ ಹಿಡಿತವೂ ಕಡಿಮೆಯಾಗುತ್ತದೆ. ಅದಕ್ಕೇ ನೀರನ್ನು ಪಕ್ಕಕ್ಕೆ ತಳ್ಳಲು ಗ್ರಾಫೈಟ್ ಕಂಬ. ಅಗ್ಗವೆಂದು ಹಾಕಿದ ವಸ್ತು ಎಂಬಂತೆ ಸರಣಿ ಹೇಳಿಬಿಡುತ್ತದೆ, ಕಾರಣ ಅಷ್ಟು ಸರಳವಲ್ಲ.

ಈಗ ಅಳತೆ ನೋಡಿ. ಇಂಧನವಿರುವ ಒಡಲಿನ, ಅಂದರೆ ಕೋರಿನ ಎತ್ತರ 7 ಮೀಟರ್. ಪೂರ್ತಿ ಮೇಲೆತ್ತಿದ ರಾಡಿನ ಗ್ರಾಫೈಟ್ ಕಂಬ ಕೋರ್ ನಡುವೆ ನಿಂತಿರುತ್ತದೆ. ಅದರ ಮೇಲೆ 1.25 ಮೀಟರ್, ಕೆಳಗೆ 1.25 ಮೀಟರ್ ನೀರು. ಕೋರ್ ಕೆಳಗೆ ಸಾಕಷ್ಟು ಜಾಗ ಇಲ್ಲದ್ದರಿಂದ ಕಂಬವನ್ನು ಪೂರ್ತಿ 7 ಮೀಟರ್ ಮಾಡಿರಲಿಲ್ಲ. ರಿಯಾಕ್ಟರ್ ನಿಲ್ಲಿಸುವ ಎಝೆಡ್-5 ಗುಂಡಿ ಒತ್ತಿದಾಗ ರಾಡ್ ಕೆಳಗಿಳಿಯುತ್ತದೆ. ಮೇಲ್ಭಾಗಕ್ಕೆ ಬೋರಾನ್ ಬರುತ್ತದೆ, ಅಲ್ಲಿ ಪವರ್ ಇಳಿಯುತ್ತದೆ. ಕೆಳಭಾಗದಲ್ಲಿ ಮಾತ್ರ ನ್ಯೂಟ್ರಾನ್ ನುಂಗುತ್ತಿದ್ದ ನೀರು ಹೊರಹೋಗಿ ಆ ಜಾಗಕ್ಕೆ ಗ್ರಾಫೈಟ್ ಬರುತ್ತದೆ, ಅಲ್ಲಿ ಪವರ್ ಏರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ಗ್ರಾಫೈಟ್ ಸೇರಿದ್ದಕ್ಕಿಂತ ನೀರು ಹೋದದ್ದು ಮುಖ್ಯ.

ರಾಡಿನ ವೇಗ ಸೆಕೆಂಡಿಗೆ ಸುಮಾರು 0.4 ಮೀಟರ್. ಪೂರ್ತಿ ಇಳಿಯಲು 18 ಸೆಕೆಂಡಿಗೂ ಹೆಚ್ಚು. ಮೊದಲ ಮೂರು ಸೆಕೆಂಡಿನಲ್ಲಿ ಇಳಿಯುವುದು ಸುಮಾರು 1.2 ಮೀಟರ್, ಅಂದರೆ ಕೆಳಗಿನ ನೀರು ಹೆಚ್ಚುಕಡಿಮೆ ಖಾಲಿಯಾಗುವಷ್ಟು. ದಾಖಲೆಯಲ್ಲಿ ಗುಂಡಿ ಒತ್ತಿದ್ದು 01:23:40ಕ್ಕೆ, ಪವರ್ ಮಿತಿ ಮೀರಿದ ಸಂಕೇತ ಬಂದದ್ದು 01:23:43ಕ್ಕೆ. ಎರಡು ಲೆಕ್ಕಗಳೂ ಕೂಡಿಬರುತ್ತವೆ.

ಒಂದೆರಡು ರಾಡ್ ಹೀಗೆ ಇಳಿದರೆ ಏನೂ ಆಗುವುದಿಲ್ಲ. ಅರ್ಧ ಒಳಗಿರುವ ರಾಡಿನಿಂದಲೂ ಈ ತೊಂದರೆ ಇಲ್ಲ, ಅದರ ಕೆಳಗಿನ ನೀರು ಆಗಲೇ ಹೋಗಿರುತ್ತದೆ. ಒಟ್ಟು 211 ರಾಡ್‌ಗಳು. ಅವುಗಳಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವ 24 ಗಿಡ್ಡ ರಾಡ್‌ಗಳು ಆಗ ಎಝೆಡ್-5ಕ್ಕೆ ಜೋಡಣೆಯಾಗಿರಲೇ ಇಲ್ಲ. ಕೆಳಭಾಗವನ್ನು ಹಿಡಿಯಬಹುದಾಗಿದ್ದದ್ದು ಅವೇ! ಉಳಿದವುಗಳಲ್ಲಿ ಬಹುತೇಕ ಎಲ್ಲವನ್ನೂ ಆ ರಾತ್ರಿ ಪೂರ್ತಿ ಮೇಲೆತ್ತಿದ್ದರು. ಕೋರಿನ ಪವರ್ ಕೂಡ ನಡುವೆ ತಗ್ಗಿ ಮೇಲೆ ಮತ್ತು ಕೆಳಗೆ ಉಬ್ಬಿತ್ತು, ಹಾಗಾಗಿ ಕೆಳಭಾಗ ತನ್ನಷ್ಟಕ್ಕೆ ಇನ್ನೊಂದು ಪುಟ್ಟ ರಿಯಾಕ್ಟರಿನಂತೆ ನಡೆದುಕೊಂಡಿತು.

ಅಲ್ಲಿಂದ ಮುಂದಿನದು ಹಬೆಯ ಕೆಲಸ. ಎಂಟೂ ಪಂಪ್‌ಗಳು ಓಡುತ್ತಿದ್ದರಿಂದ ನೀರು ಕುದಿಯುವ ಬಿಂದುವಿಗೆ ತೀರ ಹತ್ತಿರವಿದ್ದೇ ಕೋರಿಗೆ ಬರುತ್ತಿತ್ತು. 01:23:04ಕ್ಕೆ ಆ ರಾತ್ರಿಯ ಪರೀಕ್ಷೆಗಾಗಿ ಟರ್ಬೈನಿಗೆ ಹಬೆ ನಿಲ್ಲಿಸಿದ ಮೇಲೆ ಅದರಿಂದ ಓಡುತ್ತಿದ್ದ ನಾಲ್ಕು ಪಂಪ್‌ಗಳ ವೇಗ ಇಳಿಯಿತು, ನೀರಿನ ಹರಿವು ತಗ್ಗಿತು. ನೀರು ಹಬೆಯಾದಷ್ಟೂ ನ್ಯೂಟ್ರಾನ್ ನುಂಗುವುದು ಕಡಿಮೆ, ಪವರ್ ಜಾಸ್ತಿ, ಮತ್ತಷ್ಟು ಹಬೆ. ಹೆಚ್ಚಿನ ಪವರ್‌ನಲ್ಲಿ ಇಂಧನ ಬಿಸಿಯಾಗುವುದರಿಂದ ಬರುವ ಕಡಿವಾಣ ಇದನ್ನು ಸರಿದೂಗಿಸುತ್ತದೆ. 3200 ಮೆಗಾವ್ಯಾಟ್ ಶಾಖದ ಯಂತ್ರವನ್ನು 200ರಲ್ಲಿ ನಡೆಸಿದಾಗ ಆ ಕಡಿವಾಣ ಸಾಲದು.

ಮಿಲಿಸೀವರ್ಟ್:

ಎರಡನೆಯ ಪ್ರಶ್ನೆ ನನಗಿರಲಿ.

ಸ್ಥಾವರದಲ್ಲಿ ಕೈಗೆ ಸಿಗುತ್ತಿದ್ದ ಮಾಪಕಗಳ ಮಿತಿ ಸೆಕೆಂಡಿಗೆ 1000 ಮೈಕ್ರೊರಾಂಟ್‌ಜೆನ್. 3600 ಸೆಕೆಂಡಿನಿಂದ ಗುಣಿಸಿ, ಗಂಟೆಗೆ 3.6 ರಾಂಟ್‌ಜೆನ್. ಅಷ್ಟೇ ಅದರ ಗುಟ್ಟು. ಮುಳ್ಳು ಕೊನೆಗೆ ಹೋಗಿ ನಿಂತಿದ್ದರೆ ಅದನ್ನು ಅಳತೆ ಎಂದು ಬರೆದುಕೊಳ್ಳುವಂತಿಲ್ಲ, ಇದಕ್ಕಿಂತ ಹೆಚ್ಚು ಇದೆ ಎಂದಷ್ಟೇ ತಿಳಿಯಬೇಕು. ಅದು ಹೋಗಲಿ, 3.6 ಕೂಡ ಸಣ್ಣದಲ್ಲ. ಗಾಮಾಕ್ಕೆ ಒಂದು ರಾಂಟ್‌ಜೆನ್ ಎಂದರೆ ಸುಮಾರು 10 ಮಿಲಿಸೀವರ್ಟ್. ನಮ್ಮ ದೇಶದಲ್ಲಿ ವಿಕಿರಣ ಕೆಲಸಗಾರರಿಗೆ ಯಾವುದೇ ಒಂದು ವರ್ಷದಲ್ಲಿ ದಾಟಬಾರದ ಮಿತಿ 30 ಮಿಲಿಸೀವರ್ಟ್. 3.6 ಇರುವಲ್ಲಿ ನಿಂತರೆ ಒಂದು ಗಂಟೆ ತುಂಬುವ ಮೊದಲೇ ಅದು ಮುಗಿದುಹೋಗುತ್ತದೆ.

ಇನ್ನು ವೈದ್ಯಕೀಯ. ಮೊದಲ ವಾಂತಿ, ನಂತರ ಕೆಲವು ದಿನ ಚೇತರಿಸಿಕೊಂಡಂತೆ ಕಾಣುವುದು, ಆಮೇಲೆ ಮಜ್ಜೆ ಸೋತು ಕುಸಿಯುವುದು: ಈ ಕ್ರಮವನ್ನು ಸರಣಿ ಸರಿಯಾಗಿ ಹಿಡಿದಿದೆ. ವೇಗದಲ್ಲಿ ಎಡವಿದೆ. ಬೀಟಾ ಕಿರಣದಿಂದ ಚರ್ಮ ಕೆಂಪಾಗಲು ಸಾಮಾನ್ಯವಾಗಿ ಗಂಟೆಗಳು ಬೇಕು, ಬೊಬ್ಬೆ ಏಳಲು ದಿನಗಳು. ಗ್ರಾಫೈಟ್ ಮುಟ್ಟಿದ ಕೆಲವೇ ನಿಮಿಷಕ್ಕೆ ಕೈ ಹಾಗಾಗುವುದು ಪರದೆಯ ಅವಸರ. ತೀವ್ರ ವಿಕಿರಣ ಕಾಯಿಲೆ ಖಚಿತವಾದವರು 134 ಮಂದಿ, ಅವರಲ್ಲಿ 28 ಮಂದಿ 1986ರಲ್ಲೇ ತೀರಿಕೊಂಡರು.

ಆಸ್ಪತ್ರೆಯ ಪ್ಲಾಸ್ಟಿಕ್ ಪರದೆಯ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಹರಡಿದೆ. ಬಟ್ಟೆ ತೆಗೆದು ಮೈ ತೊಳೆದ ಮೇಲೆ ಇಂಥ ರೋಗಿಯಿಂದ ಪಕ್ಕದವರಿಗೆ ಹೇಳಿಕೊಳ್ಳುವಂಥ ಅಪಾಯ ಇರುವುದಿಲ್ಲ. ಬಿಳಿ ರಕ್ತಕಣ ಕುಸಿದ ರೋಗಿಗೆ ನಮ್ಮಿಂದ ಸೋಂಕು ತಗುಲಬಾರದೆಂದು ಆ ಪರದೆ. ಸರಣಿಯಲ್ಲಿ ಹೇಳುವಂತೆ ಗರ್ಭದ ಮಗು ತಾಯಿಯ ಪಾಲಿನ ವಿಕಿರಣವನ್ನು ಹೀರಿಕೊಂಡು ಅವಳನ್ನು ಉಳಿಸಿತು ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಗಾಮಾ ಕಿರಣ ಒಬ್ಬರ ಮೈಯಲ್ಲಿ ನಿಂತು ಇನ್ನೊಬ್ಬರನ್ನು ಬಿಡುವ ಜಾತಿಯದ್ದಲ್ಲ. ಕಥೆಯಾಗಿ ಮನಸ್ಸು ಕಲಕುತ್ತದೆ, ಆದರೆ ಅಲ್ಲಿ ಬರೆದವರು ವಿಜ್ಞಾನವನ್ನು ಬಿಟ್ಟುಕೊಟ್ಟಿದ್ದಾರೆ.

ಅಯೋಡಿನ್ ಮಾತ್ರೆಯನ್ನೂ ಹೇಳಿಬಿಡುತ್ತೇನೆ, ಸರಣಿ ನೋಡಿದ ಮೇಲೆ ಅದನ್ನು ವಿಕಿರಣದ ಔಷಧ ಎಂದುಕೊಂಡವರಿದ್ದಾರೆ. ದೊಡ್ಡವರಿಗೆ 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್. ಥೈರಾಯ್ಡ್ ಗ್ರಂಥಿಯನ್ನು ಒಳ್ಳೆಯ ಅಯೋಡಿನ್‌ನಿಂದ ಮೊದಲೇ ತುಂಬಿಸಿ, ವಿಕಿರಣಶೀಲ ಅಯೋಡಿನ್-131ಕ್ಕೆ ಜಾಗ ಇಲ್ಲದಂತೆ ಮಾಡುವುದು ಅದರ ಕೆಲಸ. ಮೋಡ ಬರುವ ಸ್ವಲ್ಪ ಮೊದಲು ಅಥವಾ ಬಂದ ಕೆಲವೇ ಗಂಟೆಗಳಲ್ಲಿ ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಸೀಸಿಯಂ-137ಕ್ಕೂ ಹೊರಗಿನ ಗಾಮಾಕ್ಕೂ ಅದು ಏನೂ ಮಾಡುವುದಿಲ್ಲ. ಅಧಿಕಾರಿಗಳು ಹೇಳದೆ ನುಂಗುವ ಮಾತ್ರೆಯೂ ಅಲ್ಲ.

ಕದ್ರಾ_ಹಿನ್ನೀರು:

ಇಬ್ಬರಿಗೂ ಧನ್ಯವಾದ. ನೀರು ಹೋದದ್ದು ಮುಖ್ಯ ಎಂದಾಗ ಬಿಡಿಸಿಕೊಂಡಿತು. ಹಾಗಾದರೆ ತಪ್ಪು ಯಾರದ್ದು? ಸರಣಿಯಲ್ಲಿ ಆ ರಾತ್ರಿಯ ಪರೀಕ್ಷೆಯ ಮುಖ್ಯಸ್ಥ ದ್ಯಾತ್ಲೊವ್ ಮಾತೆತ್ತಿದರೆ ಕಿರುಚುವ ಖಳನಾಯಕ. ಮತ್ತೆ, ಕೈಗಾದಲ್ಲೂ ಇಂಥದ್ದೇ ರಾಡ್ ಇದೆಯೇ ಎಂದು ಊರ ಕಡೆಯವರು ಕೇಳುತ್ತಿರುತ್ತಾರೆ.

ಲಾಗ್‌ಬುಕ್:

ನ್ಯಾಯಾಲಯದ ದೃಶ್ಯವನ್ನು ದಾಖಲೆ ಎಂದು ನೋಡಬೇಡಿ. 1987ರ ಜುಲೈನಲ್ಲಿ ನಡೆದ ವಿಚಾರಣೆಯಲ್ಲಿ ಲೆಗಾಸೊವ್ ಇರಲೇ ಇಲ್ಲ. ಖೊಮ್ಯುಕ್ ಎಂಬ ವಿಜ್ಞಾನಿಯೂ ಕಲ್ಪಿತ ಪಾತ್ರ, ಹಲವು ವಿಜ್ಞಾನಿಗಳನ್ನು ಸೇರಿಸಿ ಮಾಡಿದ್ದು. ಲೆಗಾಸೊವ್ ತೀರಿಕೊಂಡದ್ದು 1988ರ ಏಪ್ರಿಲ್ 27ರಂದು. ಸರಣಿ ಅದನ್ನು ದುರಂತದ ಎರಡನೇ ವರ್ಷದ ಅದೇ ಕ್ಷಣಕ್ಕೆ ತಂದು ಕೂರಿಸಿದೆ.

ಕ್ಸೆನಾನ್ ಭಾಗದಲ್ಲೂ ಒಂದು ಜಾಣ ಸರಳೀಕರಣವಿದೆ. ಪವರ್ ಇನ್ನೂ ಇಳಿಸದಂತೆ ಕೀವ್ ವಿದ್ಯುತ್ ಜಾಲದವರು ತಡೆದದ್ದರಿಂದ ರಿಯಾಕ್ಟರ್ ಅರ್ಧ ಪವರ್‌ನಲ್ಲಿ ನಿಂತು ಕ್ಸೆನಾನ್ ಎಂಬ ವಿಷ ತುಂಬಿಕೊಂಡಿತು ಎನ್ನುತ್ತಾರೆ. ಅಯೋಡಿನ್-135ರ ಅರ್ಧಾಯು 6.6 ಗಂಟೆ, ಅದರಿಂದ ಹುಟ್ಟುವ ಕ್ಸೆನಾನ್-135ರದ್ದು 9.1 ಗಂಟೆ. ಪವರ್ ಅರ್ಧಕ್ಕೆ ಇಳಿದದ್ದು ಏಪ್ರಿಲ್ 25ರ ಬೆಳಗಿನ ಜಾವ. ಬೆಳಗ್ಗೆ 7ರ ಹೊತ್ತಿಗೆ ಒಳಗೆ ಉಳಿದ ರಾಡ್ ಮೀಸಲು (ಎಷ್ಟು ರಾಡಿನಷ್ಟು ಹಿಡಿತ ಕೋರಿನೊಳಗೆ ಉಳಿದಿದೆ ಎಂಬ ಲೆಕ್ಕ) 13.2ಕ್ಕೆ ಕುಸಿದಿತ್ತು, ರಾತ್ರಿ 11:10ಕ್ಕೆ ಅದೇ 26ಕ್ಕೆ ಏರಿತ್ತು. ಕ್ಸೆನಾನ್ ಹೆಚ್ಚಿದಷ್ಟೂ ರಾಡ್ ಮೇಲೆತ್ತಬೇಕು, ಮೀಸಲು ತಗ್ಗುತ್ತದೆ. ಅಂದರೆ ಕಾಯುವಾಗ ಕ್ಸೆನಾನ್ ಹೆಚ್ಚಿ, ಮತ್ತೆ ಕರಗುತ್ತಿತ್ತು. ಕೆಟ್ಟದ್ದು ನಂತರ: ಮತ್ತೆ ಪವರ್ ಇಳಿಸುತ್ತಾ ಹೋಗಿ, 00:28ಕ್ಕೆ ನಿಯಂತ್ರಕ ಬದಲಿಸುವಾಗ 30 ಮೆಗಾವ್ಯಾಟ್‌ಗೆ ಬಿತ್ತು. ಅಲ್ಲಿಂದ ಎತ್ತಲು ರಾಡ್ ಮೇಲೆ ರಾಡ್ ಎಳೆದರು. ಕೊನೆಗೆ ಉಳಿದ ಮೀಸಲು 6ರಿಂದ 8 ರಾಡಿನಷ್ಟು. ನಿಯಮದಂತೆ 15ಕ್ಕಿಂತ ಕೆಳಗಿಳಿದರೆ ತಕ್ಷಣ ನಿಲ್ಲಿಸಬೇಕಿತ್ತು.

ದ್ಯಾತ್ಲೊವ್ ವಿಷಯ. 1986ರ ಅಂತರರಾಷ್ಟ್ರೀಯ ವರದಿ ಆಪರೇಟರ್‌ಗಳ ಮೇಲೆ ಹೊರೆ ಹಾಕಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸುರಕ್ಷಾ ಸಲಹಾ ತಂಡದ 1992ರ ಪರಿಷ್ಕೃತ ವರದಿ, ಇನ್‌ಸಾಗ್-7, ವಿನ್ಯಾಸದ ದೋಷಕ್ಕೆ ಹೆಚ್ಚು ತೂಕ ಕೊಟ್ಟಿತು. 700 ಮೆಗಾವ್ಯಾಟ್‌ಗಿಂತ ಕಡಿಮೆ ಪವರ್‌ನಲ್ಲಿ ನಡೆಸಬಾರದೆಂಬ ನಿಯಮ ಆಗ ಇರಲಿಲ್ಲ. ಎಂಟು ಪಂಪ್ ಓಡಿಸುವುದಕ್ಕೂ ನಿಷೇಧ ಇರಲಿಲ್ಲ. ರಾಡ್ ಮೀಸಲು ತೋರಿಸುವ ಮಾಪಕ ಆಪರೇಟರ್ ಎದುರಿನ ಫಲಕದಲ್ಲಿ ಇರಲಿಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಕೊಡಬೇಕಿತ್ತು. ಮೀಸಲು ತಗ್ಗಿದರೆ ನಿಲ್ಲಿಸುವ ಗುಂಡಿಯೇ ಕೈಕೊಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. 1983ರಲ್ಲೇ ಲಿಥುವೇನಿಯಾದ ಇಗ್ನಾಲಿನದಲ್ಲಿ ಇದು ಕಂಡುಬಂದಿತ್ತು. (ಸರಣಿಯ ಹೊರನೋಟದ ಚಿತ್ರೀಕರಣ ನಡೆದದ್ದೂ ಅದೇ ಸ್ಥಾವರದಲ್ಲಿ.)

ಗುಂಡಿ ಒತ್ತುವ ಮೊದಲೇ ನಿಯಂತ್ರಣ ಕೋಣೆಯಲ್ಲಿ ಗಾಬರಿ ತೋರಿಸಿದ್ದೂ ನಾಟಕ. 01:23:40ಕ್ಕೆ ಮುಂಚೆ ಅಪಾಯದ ಸಂಕೇತ ದಾಖಲಾಗಿಲ್ಲ.

ಭಾರಜಲ:

ಲಾಗ್‌ಬುಕ್ ಅವರು ಹೇಳಿದ್ದು ಸರಿ, ಆದರೂ ದ್ಯಾತ್ಲೊವ್‌ಗೆ ಪೂರ್ತಿ ಖುಲಾಸೆ ಕೊಡಲು ನಾನು ಒಪ್ಪುವುದಿಲ್ಲ ಸರ್. ಪರೀಕ್ಷೆಯ ಕಾರ್ಯಕ್ರಮದಲ್ಲೇ 700ರಿಂದ 1000 ಮೆಗಾವ್ಯಾಟ್ ಎಂದು ಬರೆದಿತ್ತು. 200ರಲ್ಲಿ ಮುಂದುವರಿಯೋಣ ಎಂದದ್ದು ಅಲ್ಲಿದ್ದವರ ನಿರ್ಧಾರ. ನಿಯಮ ಇತ್ತೋ ಇಲ್ಲವೋ, ಬರೆದಿಟ್ಟ ಪರೀಕ್ಷೆಯ ಶರತ್ತು ಮುರಿದಾಗ ಪರೀಕ್ಷೆ ನಿಲ್ಲಿಸಬೇಕು.

ದುರಂತದ ನಂತರ ಉಳಿದ ಆರ್‌ಬಿಎಂಕೆಗಳಲ್ಲಿ ಮಾಡಿದ ರಿಪೇರಿ ನೋಡಿದರೆ ದೋಷ ಎಲ್ಲಿತ್ತೆಂದು ತಿಳಿಯುತ್ತದೆ. ನ್ಯೂಟ್ರಾನ್ ನುಂಗುವ ಸುಮಾರು 80 ಸ್ಥಿರ ಹೀರುಕಗಳನ್ನು ಸೇರಿಸಿದರು, ಇಂಧನದ ಸಂವರ್ಧನೆ (ಅದರಲ್ಲಿನ ಯುರೇನಿಯಂ-235ರ ಪಾಲು) 2.0ರಿಂದ 2.4 ಶೇಕಡಕ್ಕೆ ಏರಿತು, ರಾಡ್ ಮೀಸಲನ್ನು 43ರಿಂದ 48ಕ್ಕೆ ನಿಗದಿ ಮಾಡಿದರು. ಕೆಳಗಿನ ನೀರಿನ ಕಂಬ ಇಲ್ಲದಂತೆ ರಾಡ್ ಬದಲಾಯಿತು, ಇಳಿಯುವ ಸಮಯ 12 ಸೆಕೆಂಡಿಗೆ ಬಂತು, ಎರಡೂವರೆ ಸೆಕೆಂಡಿನಲ್ಲಿ ಇಳಿಯುವ ಇನ್ನೊಂದು ವೇಗದ ವ್ಯವಸ್ಥೆ ಸೇರಿತು. ಚೆರ್ನೋಬಿಲ್‌ನ ಮೂರನೇ ಘಟಕ 2000ದ ಡಿಸೆಂಬರ್‌ವರೆಗೂ ಓಡಿತು.

ಕೈಗಾ ಬೇರೆ ಜಾತಿ. ಅಲ್ಲಿರುವುದು ನೈಸರ್ಗಿಕ ಯುರೇನಿಯಂ ಮತ್ತು ಭಾರಜಲದ (ಭಾರ ಹೈಡ್ರೋಜನ್ ಇರುವ ನೀರು) 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು, ಗ್ರಾಫೈಟ್ ಇಲ್ಲ. ನಿಲ್ಲಿಸಲು ಎರಡು ಸ್ವತಂತ್ರ ವ್ಯವಸ್ಥೆಗಳು: ಮೇಲಿನಿಂದ ಗುರುತ್ವದಿಂದ ಬೀಳುವ 14 ಕ್ಯಾಡ್ಮಿಯಂ ರಾಡ್‌ಗಳು, ಅದು ಕೈಕೊಟ್ಟರೆ 12 ಕೊಳವೆಗಳಿಗೆ ನುಗ್ಗುವ, ನ್ಯೂಟ್ರಾನ್ ನುಂಗುವ ಲಿಥಿಯಂ ಪೆಂಟಾಬೊರೇಟ್ ದ್ರಾವಣ. ರಾಡಿನ ಕೆಳಗೆ ನೀರು ತಳ್ಳುವ ಕಂಬ ಇಲ್ಲ, ಹಾಗಾಗಿ ನೀವು ಕೇಳಿದ ಆ ಪರಿಣಾಮ ಅಲ್ಲಿಲ್ಲ. ಸುತ್ತ ಎರಡು ಪದರದ ಕಾಂಕ್ರೀಟ್ ಕವಚವೂ ಇದೆ. ಒಂದನ್ನು ಮುಚ್ಚಿಡಬಾರದು: ಭಾರಜಲ ರಿಯಾಕ್ಟರಿನಲ್ಲೂ ತಂಪುನೀರು ಹಬೆಯಾದರೆ ಪವರ್ ಸ್ವಲ್ಪ ಏರುತ್ತದೆ. ಅಲ್ಲಿ ವೇಗದ ಎರಡೆರಡು ನಿಲುಗಡೆ ವ್ಯವಸ್ಥೆ ಬೇಕಾದದ್ದೇ ಅದಕ್ಕೆ.

ಮಿಲಿಸೀವರ್ಟ್:

ಉಳಿದದ್ದು ಮೆಗಾಟನ್ ಮತ್ತು ಹೆಲಿಕಾಪ್ಟರ್. ಕರಗಿದ ಇಂಧನ ಕೆಳಗಿನ ನೀರಿಗೆ ಬಿದ್ದರೆ ಹಬೆಯ ಸ್ಫೋಟ ಆಗಬಹುದೆಂಬ ಆತಂಕ ಆಗ ನಿಜವಾಗಿಯೂ ಇತ್ತು. ಸರಣಿಯಲ್ಲಿ ಹೇಳುವ ಎರಡರಿಂದ ನಾಲ್ಕು ಮೆಗಾಟನ್ ಎಂಬುದು ಮಾತ್ರ ಭೌತಶಾಸ್ತ್ರಕ್ಕೆ ಹೊಂದದ ಅಂಕಿ. ಹಿರೋಷಿಮಾ ಬಾಂಬು ಸುಮಾರು 15 ಕಿಲೋಟನ್. ಅದರ ಇನ್ನೂರರಷ್ಟು ಶಕ್ತಿ ಹಬೆಯಿಂದ ಬರುವುದಿಲ್ಲ. ಆ ನೀರು ಹೊರಬಿಡುವ ಕವಾಟ ತೆರೆಯಲು ಹೋದ ಅನಾನೆಂಕೊ, ಬೆಸ್ಪಾಲೊವ್, ಬರಾನೊವ್ ಮೂವರೂ ಬದುಕಿ ಬಂದರು. ಬರಾನೊವ್ 2005ರಲ್ಲಿ ತೀರಿಕೊಂಡರು.

ಹೆಲಿಕಾಪ್ಟರ್ ಬಿದ್ದದ್ದು ನಿಜ, ಆದರೆ 1986ರ ಅಕ್ಟೋಬರ್ 2ರಂದು. ರೆಕ್ಕೆ ಕ್ರೇನಿನ ಹಗ್ಗಕ್ಕೆ ತಾಗಿತ್ತು, ವಿಕಿರಣಕ್ಕೆ ಅಲ್ಲಿ ಪಾತ್ರವಿಲ್ಲ. ಸರಣಿ ಅದನ್ನು ಮರಳು ಸುರಿಯುವ ಮೊದಲ ದಿನಗಳಿಗೆ ತಂದಿದೆ.

ಛಾವಣಿಯಿಂದ ಗ್ರಾಫೈಟ್ ತುಂಡು ತೆಗೆಯುವ ದೃಶ್ಯಕ್ಕೂ ಒಂದು ಲೆಕ್ಕ. ಗಂಟೆಗೆ 12,000 ರಾಂಟ್‌ಜೆನ್ ಇರುವಲ್ಲಿ 90 ಸೆಕೆಂಡ್ ಎಂದರೆ 300 ರಾಂಟ್‌ಜೆನ್. ಆಗ ಕೆಲಸಗಾರರಿಗೆ ನಿಗದಿಯಾಗಿದ್ದ ಮಿತಿ 25 ರೆಮ್. ಗಾಮಾಕ್ಕೆ ರೆಮ್ ಮತ್ತು ರಾಂಟ್‌ಜೆನ್ ಹೆಚ್ಚುಕಡಿಮೆ ಒಂದೇ, ಹಾಗಾಗಿ 12,000ದಲ್ಲಿ ನಿಲ್ಲಲು ಸಿಗುವುದು ಏಳೂವರೆ ಸೆಕೆಂಡ್. 90 ಸೆಕೆಂಡ್ ಸಿಗಬೇಕಾದರೆ ಅಲ್ಲಿ ಗಂಟೆಗೆ 1000 ಇರಬೇಕು. ಅತಿ ಹೆಚ್ಚಿನ ಜಾಗದ ಅಂಕಿಯನ್ನೂ ಎಲ್ಲರ ಸಮಯವನ್ನೂ ಸರಣಿ ಒಟ್ಟಿಗೆ ಇಟ್ಟುಬಿಟ್ಟಿದೆ.