ಮಳೆಗಾಲದಲ್ಲಿ ಅಡಿಕೆ ಗೋದಾಮಿನ ಭದ್ರತೆ: ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಪ್ರಶ್ನೆ: ಪೇಟೆ ಅಂಗಡಿ, ಶಿರಸಿ

ಮಾನ್ಯರೇ, ಶಿರಸಿ ಪೇಟೆಯಲ್ಲಿ ನಮ್ಮದೊಂದು ಅಡಿಕೆ ಹಾಗೂ ಕಾಳುಮೆಣಸಿನ ಅಂಗಡಿಯಿದ್ದು, ಅದರ ಹಿಂದೆಯೇ ಹಂಚಿನ ಮಾಡಿನ ಹಳೆಯ ಗೋದಾಮು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಬೇಗನೆ ಕತ್ತಲಾಗುತ್ತದೆ. ಗಾಳಿಗೆ ಮರದ ಟೊಂಗೆ ತಂತಿಯ ಮೇಲೆ ಬಿದ್ದರೆ ಕರೆಂಟು ಬರುವುದು ಮರುದಿನವೇ. ದರ ಏರಲೆಂದು ಕಾದಿಟ್ಟ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಚೀಲಗಳು ಒಳಗಿರುವುದೂ ಇದೇ ತಿಂಗಳುಗಳಲ್ಲಿ. ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸಿದರೆ ಸಾಕೆಂದು ಮಾರುವವರು ಹೇಳುತ್ತಿದ್ದಾರೆ. ಅಷ್ಟು ಸಾಕೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಾಡು ಕೆಲಸದ ಗುತ್ತಿಗೆದಾರ, ಸಿದ್ದಾಪುರ

ಕ್ಯಾಮೆರಾದ ಮಾತಿಗೆ ಮೊದಲು, ಗೋದಾಮಿನ ಒಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಮಂಗಳೂರು ಹಂಚನ್ನು ರೀಪಿನ (ಅಡ್ಡಲಾಗಿ ಹೊಡೆದ ಮರದ ಪಟ್ಟಿಯ) ಮೇಲೆ ಒಂದಕ್ಕೊಂದು ಹೊಂದಿಸಿ ಕೂರಿಸಿರುತ್ತಾರೆಯೇ ಹೊರತು ಬಿಗಿದಿರುವುದಿಲ್ಲ. ಆದ್ದರಿಂದ ಮಾಡಿನ ಮೇಲೆ ಹತ್ತಿದವನು ಕೆಲವು ಹಂಚುಗಳನ್ನು ಸರಿಸಿ, ಒಂದೆರಡು ರೀಪು ಕತ್ತರಿಸಿದರೆ ಒಳಗಿಳಿಯಲು ದಾರಿಯಾಗುತ್ತದೆ, ಜಡಿಮಳೆಯ ಸದ್ದಿನಲ್ಲಿ ಪಕ್ಕದ ಮನೆಯವರಿಗೂ ಅದು ಕೇಳಿಸುವುದಿಲ್ಲ. ನಮ್ಮ ಸೀಮೆಯಲ್ಲಿ ಕಳ್ಳನಿಗೆ ಕತ್ತಲೆಗಿಂತ ಮಳೆಯ ಸದ್ದೇ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ಹಳೆಯ ಮನೆಗಳಲ್ಲಿ ಮರದ ಮುಚ್ಚಿಗೆ ಇರುತ್ತಿತ್ತು. ಗೋದಾಮಿಗೆ ಅಷ್ಟು ಖರ್ಚು ಬೇಡ. ಪಕಾಸಿನ (ಮಾಡನ್ನು ಹೊತ್ತ ಇಳಿಜಾರು ಮರಗಳ) ಕೆಳಗೆ ದಪ್ಪ ತಂತಿಯ ವೆಲ್ಡ್ ಮೆಶ್ (ಬೆಸೆದ ಜಾಲರಿ) ಹೊಡೆಸಿ, ಅದರ ಅಂಚನ್ನು ಗೋಡೆಗೆ ಬೋಲ್ಟ್ ಹಾಕಿ ಹಿಡಿಸಿ. ಸೋರಿದಾಗ ಹಂಚು ಬದಲಿಸಲೂ ಅದು ಅಡ್ಡಿಯಾಗುವುದಿಲ್ಲ. ತಗಡಿನ ಮಾಡಾದರೂ ಇದೇ ಮಾತು, ಏಕೆಂದರೆ ತಗಡನ್ನು ಹಿಡಿಸುವ ಜೆ-ಬೋಲ್ಟಿನ ನಟ್ಟು ಹೊರಗಿನಿಂದಲೇ ಬಿಚ್ಚಲು ಬರುತ್ತದೆ. ಇನ್ನು ಷಟರಿಗೆ ಎರಡು ತುದಿಯ ಬೀಗವಷ್ಟೇ ಇದ್ದರೆ ನಡುವೆ ಹಾರೆಯಿಟ್ಟು ಎತ್ತುತ್ತಾರೆ, ಹಾಗಾಗಿ ಸೆಂಟರ್ ಲಾಕ್ ಬೇಕೇ ಬೇಕು. ಏಣಿಯನ್ನು ಹಿತ್ತಲಿನಲ್ಲಿ ಒರಗಿಸಿಡುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ!

ಉತ್ತರ 2: ಇಲೆಕ್ಟ್ರಾನಿಕ್ಸ್ ರಿಪೇರಿ, ಕಾರವಾರ

ಮೇಲಿನವರ ಮಾತು ಸರಿಯಾಗಿದೆ. ಕ್ಯಾಮೆರಾ ಹಾಕಿಸುವುದಾದರೆ ಅದರ ಕರೆಂಟಿನ ವ್ಯವಸ್ಥೆಯನ್ನು ಮೊದಲು ವಿಚಾರಿಸಿ. ನಾಲ್ಕು ಕ್ಯಾಮೆರಾ, ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಮತ್ತು ರೂಟರ್ ಸೇರಿ ಎಳೆಯುವ ವಿದ್ಯುತ್ ಕಡಿಮೆಯೇ ಆದ್ದರಿಂದ, 150 ಎಎಚ್‌ನ ಸುಸ್ಥಿತಿಯ ಇನ್ವರ್ಟರ್ ಬ್ಯಾಟರಿಯೊಂದು ರಾತ್ರಿಯಿಡೀ ನಡೆಸುತ್ತದೆ. ಅದೇ ಬ್ಯಾಟರಿಗೆ ಫ್ಯಾನು, ದೀಪಗಳನ್ನೆಲ್ಲ ಜೋಡಿಸಬಾರದು. ಮೋಡ ಮುಸುಕಿದ ವಾರಗಳಲ್ಲಿ ಸೋಲಾರ್ ದೀಪವನ್ನು ನಂಬುವುದು ವ್ಯರ್ಥ. ಡಿವಿಆರ್ ಅನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ಹಣದ ಜೊತೆಗೆ ಅದನ್ನೂ ಒಯ್ಯುತ್ತಾರೆ, ಆಗ ದೃಶ್ಯವೂ ಹೋಯಿತು. ರಾತ್ರಿ ಚಿತ್ರಕ್ಕಾಗಿ ಉರಿಯುವ ಇನ್‌ಫ್ರಾರೆಡ್ ದೀಪದ ಸುತ್ತ ಹುಳು ಮುತ್ತಿ ಜೇಡ ಬಲೆ ಕಟ್ಟುತ್ತದೆ, ಪರದೆಯ ಮೇಲೆ ಬಿಳಿ ಮಬ್ಬಲ್ಲದೆ ಬೇರೇನೂ ಕಾಣಿಸುವುದಿಲ್ಲ, ವಾರಕ್ಕೊಮ್ಮೆ ಒರೆಸಬೇಕು.

ಮೊಬೈಲಿಗೆ ಎಚ್ಚರಿಕೆ ಬರುತ್ತದೆಂದು ನೆಚ್ಚಿಕೊಳ್ಳಬೇಡಿ, ದೀರ್ಘಕಾಲ ಕರೆಂಟು ಹೋದಾಗ ಟವರೂ ಮಲಗುತ್ತದೆ. ಸ್ವಂತ ಬ್ಯಾಟರಿಯುಳ್ಳ ಸೈರನ್ನಿಗೆ ಬಾಗಿಲಿನ ಮ್ಯಾಗ್ನೆಟ್ ಸೆನ್ಸರ್ ಜೋಡಿಸುವುದು ಲೇಸು. ಚಲನೆ ಗುರುತಿಸುವ ಸೆನ್ಸರ್ ಅಡಿಕೆ ಗೋದಾಮಿನಲ್ಲಿ ಇಲಿ, ಬಾವಲಿಗಳಿಗೂ ಕೂಗುತ್ತದೆ. ಮೂರು ರಾತ್ರಿ ಸುಮ್ಮನೆ ಕೂಗಿದ ಸೈರನ್ನನ್ನು ನಾಲ್ಕನೆಯ ರಾತ್ರಿ ಯಾರೂ ಎದ್ದು ನೋಡುವುದಿಲ್ಲ. ಕರಾವಳಿಯವರಿಗೆ ಒಂದು ಮಾತು: ಉಪ್ಪುಗಾಳಿಗೆ ಕಬ್ಬಿಣದ ಬೀಗ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯದನ್ನೇ ಕೊಳ್ಳಿ.

ಉತ್ತರ 3: ವಿಮಾ ಸಲಹೆಗಾರ, ಕುಮಟಾ

ಅಂಗಡಿಯ ಬೆಂಕಿ ವಿಮೆಯಲ್ಲಿ ಕಳವೂ ಸೇರಿದೆಯೆಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಬರ್ಗ್ಲರಿ (ಕನ್ನಗಳವು) ಪಾಲಿಸಿಯನ್ನು ಬೇರೆಯಾಗಿಯೇ ಮಾಡಿಸಬೇಕಾಗುತ್ತದೆ, ಮತ್ತು ಅದು ಬಲವಂತವಾಗಿ ಒಡೆದು ನುಗ್ಗಿದ ಗುರುತಿದ್ದರೆ ಮಾತ್ರ ಪರಿಹಾರ ಕೊಡುತ್ತದೆ. ಕೆಲಸದವರೇ ಒಯ್ದರೆ ಅಥವಾ ಅಂಗಡಿಯಲ್ಲೇ ಬಿಟ್ಟ ಕೀಲಿಯಿಂದ ತಿಜೋರಿ ತೆರೆದರೆ ಸಾಧಾರಣವಾಗಿ ಏನೂ ಸಿಗದು. ಇದ್ದ ಸರಕಿಗಿಂತ ಕಡಿಮೆ ಮೌಲ್ಯ ತೋರಿಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಒಂದೇ ರಾತ್ರಿಯಲ್ಲಿ ಗೋದಾಮಿನ ಎಲ್ಲ ಚೀಲಗಳನ್ನು ಸಾಗಿಸುವುದು ಅಸಾಧ್ಯವಾದ್ದರಿಂದ, ಪೂರ್ಣ ಮೌಲ್ಯವನ್ನು ಘೋಷಿಸಿ ಅದರ ಒಂದು ಭಾಗಕ್ಕೆ ಮಾತ್ರ ವಿಮೆ ಪಡೆಯುವ ‘ಫಸ್ಟ್ ಲಾಸ್’ ಪದ್ಧತಿಯ ಬಗ್ಗೆ ಕಂಪನಿಯಲ್ಲಿ ವಿಚಾರಿಸಿ. ಸ್ಟಾಕ್ ಪುಸ್ತಕದ ಪ್ರತಿಯೊಂದು ಮನೆಯಲ್ಲಿರಲಿ.

ಕಳವಾದರೆ ಪೊಲೀಸರು ಬರುವವರೆಗೆ ಹಂಚು, ಬೀಗ ಯಾವುದನ್ನೂ ಮುಟ್ಟಬೇಡಿ. ಹೇಗೆ ಒಳನುಗ್ಗಿದರೆಂಬುದು ಎಫ್‌ಐಆರ್‌ನಲ್ಲಿ ಸ್ಪಷ್ಟವಾಗಿ ದಾಖಲಾಗಬೇಕು; 2024ರ ಜುಲೈ 1ರಿಂದ ರಾತ್ರಿ ಕನ್ನಗಳವಿನ ಪ್ರಕರಣಗಳು ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಮಿನಡಿ ಬರುತ್ತವೆ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಮೆಶ್ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸುತ್ತೇನೆ. ಚೌತಿಗೆ ಕೆಲಸದವರೆಲ್ಲ ಊರಿಗೆ ಹೋದಾಗ ಏನು ಮಾಡುವುದೆಂದು ಯಾರಾದರೂ ತಿಳಿಸುವಿರಾ?

ಉತ್ತರ 4: ಕಿರಾಣಿ ವ್ಯಾಪಾರಿ, ಹೊನ್ನಾವರ

ನಮ್ಮ ಸಾಲಿನ ಅಂಗಡಿಯವರು ಕೂಡಿ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡಿದ್ದೇವೆ, ಖರ್ಚು ಹಂಚಿಹೋಗುತ್ತದೆ. ಏಜೆನ್ಸಿಯ ಮೂಲಕ ನೇಮಿಸುವುದಾದರೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಅದಕ್ಕೆ ಪರವಾನಗಿ ಇದೆಯೇ ಎಂದು ನೋಡಿಕೊಳ್ಳಿ. ಅಂಗಡಿ ಮುಚ್ಚಿರುವ ದಿನಗಳನ್ನು ಠಾಣೆಗೆ ಮೊದಲೇ ತಿಳಿಸಿದರೆ ರಾತ್ರಿ ಬೀಟಿನವರಿಗೆ ಅನುಕೂಲ. ಕಾವಲುಗಾರನಿಗೆ ಗೋದಾಮಿನ ಕೀಲಿ ಕೊಡಬೇಡಿ. ಟಾರ್ಚು, ಸೀಟಿ ಕೊಟ್ಟು, ಸದ್ದು ಕೇಳಿದರೆ ಒಬ್ಬನೇ ಒಳಗೆ ಹೋಗದೆ 112ಕ್ಕೆ ಕರೆ ಮಾಡಲು ಹೇಳಿ.